ಸಪ್ನಾಳ ಅಳುವ ಪಾರ್ಟು

ಹೆದರುವವರನ್ನು ಕಂಡರೆ ನನಗೆ ಆಗುವುದಿಲ್ಲ. ಬ್ಲೌಸಿನ ಅಳತೆ ಕೊಡಲು ಬಂದು, ಕತ್ತು ಎಷ್ಟು ಇಳಿಸಲಿ ಎಂದು ಕೇಳಿದರೆ ಅತ್ತೆಗೆ ಹೆದರಿ, ಗಂಡನಿಗೆ ಹೆದರಿ, ಕಡೆಗೆ ನನ್ನ ಟೇಪಿಗೂ ಹೆದರಿ ನಿಲ್ಲುವ ಹೆಂಗಸರನ್ನು ನಾನು ಬೈದೇ ಕಳಿಸುತ್ತೇನೆ. ಲಕ್ಷ್ಮೇಶ್ವರದಲ್ಲಿ ಹಸೀನಾಬಿ ಟೇಲರಳ ಬಾಯಿ ಕೆಟ್ಟದ್ದು, ಹೊಲಿಗೆ ಚಂದ ಎಂಬ ಮಾತು ಹುಟ್ಟಿದ್ದು ಹೀಗೆ. ಅಂಥ ನನ್ನ ಅಂಗಡಿಗೇ ದೇವರು ಹುಡುಕಿ ಹುಡುಕಿ ಸಪ್ನಾಳನ್ನು ಕಳಿಸಿದ.

ಹುಕ್ಕು ಹಚ್ಚುವುದು, ಸೀರೆಗೆ ಫಾಲ್ ಹೊಲಿಯುವುದು ಅವಳ ಕೆಲಸ. ಪಿಯುಸಿ ಮುಗಿಸಿದ್ದಳು, ಮುಂದೆ ಓದಲಿಲ್ಲ. ತಾಯಿ ಇವಳು ಅಂಬೆಗಾಲಿಡುವಾಗಲೇ ತೀರಿಹೋಗಿದ್ದಳು. ತಂದೆ ಮುಂಡರಗಿಯಲ್ಲಿ ಇನ್ನೊಂದು ಸಂಸಾರ ಹೂಡಿಕೊಂಡು ಹಬ್ಬಕ್ಕೊಮ್ಮೆ ಮುಖ ತೋರಿಸುತ್ತಿದ್ದ. ಬೆಳೆಸಿದವಳು ಅವಳ ಆಯಿ, ತಾಯಿಯ ತಾಯಿ ದುರಗವ್ವ. ಅವರ ಮನೆಗೂ ನನ್ನ ಅಂಗಡಿಗೂ ನಡುವೆ ಒಂದೇ ಮಣ್ಣಿನ ಗೋಡೆ. ಆಚೆ ಸಾಸಿವೆ ಸಿಡಿದರೆ ಈಚೆ ನನಗೆ ಸೀನು ಬರುತ್ತಿತ್ತು.

ಗಿರಾಕಿ ದನಿ ಏರಿಸಿದರೆ ಸಪ್ನಾ ಮಷಿನ್ನಿನ ಹಿಂದೆ ಅಡಗುತ್ತಿದ್ದಳು. ಆಕೆ ಮೆಟ್ಟಿಲು ಇಳಿದದ್ದೇ ತಡ, ಅದೇ ಗಿರಾಕಿಯ ನಡಿಗೆ, ಅದೇ ಮೂಗಿನ ದನಿ, ಅದೇ ಸೆರಗು ಜಾಡಿಸುವುದು, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದಳು. ಟಾಚಣಿ ಪಿನ್ನು ಕಚ್ಚಿಕೊಂಡ ಬಾಯಿಯಲ್ಲಿ ನಗಬಾರದು. ನಾನು ಎರಡು ಸಲ ನುಂಗುವುದರಿಂದ ತಪ್ಪಿಸಿಕೊಂಡಿದ್ದೇನೆ. ಹಾಗೆ ನಾನೊಬ್ಬಳೇ ಇದ್ದಾಗ ಇದ್ದ ಬಾಯಿ, ಮೂರನೆಯವರು ಬಂದರೆ ಹೊಲಿದಂತೆ ಮುಚ್ಚಿಹೋಗುತ್ತಿತ್ತು. ಇಂಥ ಹುಡುಗಿಗೆ ಇದ್ದ ಆಸೆ ಏನು ಗೊತ್ತೇ? ಹಾಸ್ಯನಟಿ ಆಗಬೇಕು! 'ಹುಚ್ಚು ಬಿಡೋತನಕಾ ಮದುವಿ ಆಗಂಗಿಲ್ಲ, ಮದುವಿ ಆಗೋತನಕಾ ಹುಚ್ಚು ಬಿಡಂಗಿಲ್ಲ' ಎಂದು ನಾನು ಆಡಿಕೊಳ್ಳುತ್ತಿದ್ದೆ.

ನನ್ನ ಅಕ್ಕನ ಮಗ ನಯಾಜ ಮದುವೆಗಳ ವೀಡಿಯೋ ತೆಗೆಯುವವನು. ಮದುವೆ ಇಲ್ಲದ ತಿಂಗಳುಗಳಲ್ಲಿ ಗೆಳೆಯರನ್ನು ಸೇರಿಸಿಕೊಂಡು ಸಣ್ಣ ಸಣ್ಣ ಕಾಮಿಡಿ ತೆಗೆದು ಯೂಟ್ಯೂಬಿಗೆ ಹಾಕುತ್ತಿದ್ದ. ಅತ್ತೆ ಸೊಸೆ ಜಗಳ, ಕುಡುಕ ಗಂಡ, ಹೆಣ್ಣು ನೋಡಲು ಬಂದವರು, ಇಂಥವು. ಹೆಂಗಸರ ಪಾತ್ರಕ್ಕೂ ಗಂಡಸರೇ. ನನ್ನ ಅಂಗಡಿಯ ಸೀರೆ ಒಯ್ದು, ಮೀಸೆ ಇಟ್ಟುಕೊಂಡೇ ಉಟ್ಟು, ಹರಿದು ತಂದುಕೊಡುತ್ತಿದ್ದರು. ಒಬ್ಬ ಹುಡುಗಿ ಬೇಕು ಎಂದು ಅವನೇ ಬಾಯಿಬಿಟ್ಟಾಗ ನಾನು ಸಪ್ನಾಳನ್ನು ಮುಂದೆ ತಳ್ಳಿದೆ.

ಆ ದಿನ ಅವಳಿಗೆ ಕೊಟ್ಟ ಮಾತು ಇಷ್ಟೇ: 'ಅತ್ತಿ, ಚಾ ತಗೋರಿ, ಸಕ್ಕರಿ ಖಾಲಿ ಆಗೇತಿ.' ಕ್ಯಾಮೆರಾ ಎದುರು ನಿಂತು ನಮ್ಮ ಸಪ್ನಾ ಹೇಳಿದ್ದು: "ಅತ್ತೆಯವರೇ, ದಯವಿಟ್ಟು ಚಹಾ ಸೇವಿಸಿ. ಸಕ್ಕರೆಯು ಮುಗಿದಿರುತ್ತದೆ." ಕೈಯಲ್ಲಿದ್ದ ಚಹಾದ ಕಪ್ಪು, ಬಸಿ ಕಟಕಟ ಬಡಿದುಕೊಳ್ಳುತ್ತಿದ್ದವು. ಮತ್ತೊಮ್ಮೆ, ಇನ್ನೊಮ್ಮೆ ಎಂದು ಮಾಡಿಸಿದರೂ ಶಾಲೆಯ ಪುಸ್ತಕವೇ ಹೊರಬಂತು.

"ಖಾಲಾ, ಇಕಿ ಕ್ಯಾಮೆರಾ ಕಂಡ್ರ ಸಾಲಿಗೆ ಇನಸ್ಪೆಕ್ಟರ್ ಬಂದಂಗ ಮಾಡ್ತಾಳ," ಎಂದು ನಯಾಜ ಅವಳನ್ನು ತಂದು ಅಂಗಡಿಯಲ್ಲಿ ಬಿಟ್ಟುಹೋದ. ಸಪ್ನಾ ಆವತ್ತು ಒಂದು ಬ್ಲೌಸಿಗೆ ಎರಡೂ ಕಡೆ ಹುಕ್ಕನ್ನೇ ಹಚ್ಚಿಟ್ಟಳು. ಆ ಬ್ಲೌಸು ತೊಡುವವಳು ಅದನ್ನು ಯಾವುದಕ್ಕೆ ಸಿಕ್ಕಿಸಬೇಕು, ನನ್ನ ತಲೆಗೆ?

ಇಲ್ಲಿ ದುರಗವ್ವನ ವಿಷಯ ಹೇಳದೆ ಮುಂದೆ ಹೋಗಲಿಕ್ಕಾಗದು. ದುರಗವ್ವನ ಹೆಸರು ಲಕ್ಷ್ಮೇಶ್ವರ, ಶಿರಹಟ್ಟಿ, ಆಚೆ ಸೊರಟೂರಿನ ತನಕ ಗೊತ್ತಿದ್ದದ್ದು ಅವಳ ಅಳುವಿನಿಂದ. ನಮ್ಮ ಕಡೆ ಸತ್ತವರ ಮುಂದೆ ಬರೀ ಕಣ್ಣೀರು ಹಾಕಿದರೆ ಅದನ್ನು ಅಳು ಎನ್ನುವುದಿಲ್ಲ. ರಾಗ ಎಳೆದು, ಸತ್ತವರ ಗುಣ ಎಣಿಸಿ, ಅವರು ಉಂಡದ್ದು ಉಟ್ಟದ್ದು ನೆನೆದು, ಹಾಡಿಕೊಂಡು ಅಳಬೇಕು. ಒಬ್ಬಳು ಸಾಲು ಎತ್ತಿದರೆ ಉಳಿದವರು ಮುಗಿಸಬೇಕು. ಎತ್ತಿದವಳ ಕೊರಳು ನಡುವೆ ಕಟ್ಟಿದರೆ ಪಕ್ಕದವಳು ಆ ಸಾಲನ್ನು ಕೆಳಗೆ ಬೀಳಗೊಡದೆ ಹಿಡಿಯಬೇಕು. ಸುಮ್ಮನೆ ಕೂತರೆ ಸತ್ತವರಿಗೆ ಅವಮಾನ. ದುರಗವ್ವ ಸೆರಗನ್ನು ಮುಖದ ಮೇಲೆ ಎಳೆದುಕೊಂಡು "ರಾತ್ರಿ ಉಂಡು ಮಲಗಿದೆಲ್ಲೋ ನನ್ನಪ್ಪಾ, ಮುಂಜಾನಿ ಏಳಲಿಲ್ಲಲ್ಲೋ" ಎಂದು ಎತ್ತಿದರೆ, ಆಸ್ತಿಗಾಗಿ ಬಂದು ಕೂತ ಅಳಿಯಂದಿರೂ ಮೂಗು ಒರೆಸಿಕೊಳ್ಳುತ್ತಿದ್ದರು. ಇದಕ್ಕೆ ಕೂಲಿ ಕೊಡಲು ಹೋದರೆ ಅವಳು ಹೊಡೆಯಲು ಬರುತ್ತಿದ್ದಳು.

ನಮ್ಮವರಲ್ಲಿ ಸತ್ತ ಮನೆಯಲ್ಲಿ ದನಿ ತೆಗೆದು ಅಳಬಾರದೆಂದು ಹಿರಿಯರು ಹೇಳುತ್ತಾರೆ. ನನ್ನ ಗಂಡ ಲಾಡಸಾಬ ಹೋದಾಗ ನಾನು ಗೋಡೆಗೆ ಒರಗಿ ಬಾಯಿ ಮುಚ್ಚಿ ಕೂತಿದ್ದೆ. ದುರಗವ್ವ ಬಂದಳು, ನನ್ನ ಮುಖ ನೋಡಿದಳು, ಹೊರಗೆ ಹೋಗಿ ಓಣಿಯ ಕಟ್ಟೆಯ ಮೇಲೆ ಕೂತು ಎತ್ತಿದಳು. ಯಾರೂ ಅವಳನ್ನು ತಡೆಯಲಿಲ್ಲ. ಆಮೇಲೆ ಒಳಗೆ ಬಂದು, "ನಿನ್ನ ಪಾಲಿಂದೂ ನಾನಽ ಅತ್ತೇನಿ, ಹಸೀನಾ," ಎಂದಳು. "ನಿನಗ ಯಾರ ಹೇಳಿದ್ರು?" ಎಂದು ನಾನು ಅವಳ ಮೇಲೆ ರೇಗಿದೆ. ರೇಗುತ್ತ ರೇಗುತ್ತಲೇ ನನಗೆ ಕಣ್ಣೀರು ಬಂತು.

ಸರಿ, ಸಪ್ನಾಳ ಮಾತಿಗೆ ಬರುತ್ತೇನೆ. ಕ್ಯಾಮೆರಾ ಎದುರು ಸೋತು ಬಂದ ಆ ವಾರದಲ್ಲೇ ಅವಳ ಮೊಬೈಲು ನನ್ನ ಇಸ್ತ್ರಿಯ ನೀರಿನ ಬಕೆಟ್ಟಿಗೆ ಬಿತ್ತು. ತೆಗೆದು ಒರೆಸಿದಳು, ಜಾಡಿಸಿದಳು, ಊದಿದಳು. ಅದು ಕಣ್ಣು ಬಿಡಲಿಲ್ಲ. ಅದನ್ನು ಮಡಿಲಲ್ಲಿ ಮಲಗಿಸಿಕೊಂಡಳು. ಆಮೇಲೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ಥೇಟ್ ದುರಗವ್ವನ ಕೊರಳಲ್ಲಿ ಎತ್ತಿದಳು:

"ರಾತ್ರಿ ಚಾರ್ಜಿಗೆ ಹಚ್ಚಿ ಮಲಗಿಸಿದ್ನೆಲ್ಲೋ ನನ್ನ ರಾಜಾ, ಮುಂಜಾನಿ ಏಳಲಿಲ್ಲಲ್ಲೋ! ಯಾರಿಗೆ ಮಿಸ್ ಕಾಲ್ ಕೊಡ್ಲೋ ನನ್ನ ದೊರಿಯೇ, ಯಾರ ತಿರುಗಿ ಹಚ್ಚತಾರೋ!"

ನಾನು ಸ್ಟೂಲಿನಿಂದ ಕೆಳಗೆ ಬಿದ್ದೆ. ಸುಳ್ಳಲ್ಲ, ಖರೆ ಬಿದ್ದೆ. ಸೀರೆ ಒಯ್ಯಲು ಬಂದಿದ್ದ ನಯಾಜ ಬಾಗಿಲಲ್ಲೇ ನಿಂತು ಹೊಟ್ಟೆ ಹಿಡಿದುಕೊಂಡಿದ್ದ. "ಇದನ್ನಽ ನಾಳೆ ಮಾಡವಾ ಸಪ್ನಾ, ಇದನ್ನಽ," ಎಂದು ಕೈ ಮುಗಿದ.

ಮರುದಿನ ಮಾಡಿದಳು. ಬಾಳೆ ಎಲೆಯ ಮೇಲೆ ಮೊಬೈಲು ಮಲಗಿಸಿ, ಕುಂಕುಮ ಹಚ್ಚಿ, ತಲೆದೆಸೆಗೆ ಚಾರ್ಜರು ಇಟ್ಟಿದ್ದರು. ಕೈ ನಡುಗಲಿಲ್ಲ, ಪುಸ್ತಕದ ಭಾಷೆ ಬರಲಿಲ್ಲ. ಹೇಗೆ ಎಂದು ನಾನು ಕೇಳಿದ್ದಕ್ಕೆ, "ಸೆರಗು ಮಾರಿ ಮ್ಯಾಲ ಇತ್ತಲ್ಲ ಚಾಚಿ, ಕ್ಯಾಮೆರಾ ನನಗ ಕಾಣಲೇ ಇಲ್ಲ," ಎಂದಳು.

ಆ ವೀಡಿಯೋ ಹಾಕಿದ್ದೇ ಹಾಕಿದ್ದು, ಊರು ತುಂಬ ಅದೇ. ಮುಂಡರಗಿಯ ಬಸ್‌ಸ್ಟ್ಯಾಂಡಿನಲ್ಲಿ, ಬೆಟಗೇರಿಯ ಮಗ್ಗದ ಮನೆಗಳಲ್ಲಿ, ಶಿರಹಟ್ಟಿಯ ಸಂತೆಯಲ್ಲಿ, ಯಾರ ಕೈಯ ಮೊಬೈಲು ನೋಡಿದರೂ 'ಚಾರ್ಜಿಗೆ ಹಚ್ಚಿ ಮಲಗಿಸಿದ್ನೆಲ್ಲೋ.' 'ಅಳೋ ಗಂಡಸನ್ನ ನಂಬಬಾರದು, ನಗೋ ಹೆಂಗಸನ್ನ ನಂಬಬಾರದು' ಎಂದು ಕಟ್ಟೆಯ ಮೇಲೆ ಕೂತ ಗಂಡಸರು ಅವಳಿಗೆ ಕೇಳುವಂತೆ ಅನ್ನುತ್ತಿದ್ದರು. ಅಂದವರೇ ಮತ್ತೆ ಹಚ್ಚಿ ನೋಡುತ್ತಿದ್ದರು.

ನಗದೆ ಇದ್ದವಳು ಸಪ್ನಾ ಒಬ್ಬಳೇ. ದುರಗವ್ವನಿಗೆ ದೊಡ್ಡ ಮೊಬೈಲು ಇರಲಿಲ್ಲ, ಇದ್ದ ಗುಂಡಿ ಫೋನಿನಲ್ಲಿ ಇಂಥದ್ದೆಲ್ಲ ಬರುವುದಿಲ್ಲ. ಮೊಮ್ಮಗಳು ಕಾಮಿಡಿ ಮಾಡುತ್ತಾಳೆ ಎಂದು ಮಾತ್ರ ಅವಳಿಗೆ ಗೊತ್ತಿತ್ತು. ಏನು ಮಾಡುತ್ತಾಳೆಂದು ಗೊತ್ತಿರಲಿಲ್ಲ. ಸಪ್ನಾ ಓಣಿಯವರ ಕೈಕಾಲು ಹಿಡಿದು ಆಯಿಗೆ ತೋರಿಸಬೇಡಿರೆಂದು ಬೇಡಿಕೊಂಡಿದ್ದಳು. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ? ನಾನು ಇದನ್ನೇ ಹೇಳಿದೆ. "ನೀನಽ ಹೇಳಿಬಿಡು, ಒಂದ ಎರಡ ಬೈಗುಳದಾಗ ಮುಗೀತೈತಿ."

"ಬೈಗುಳಕ್ಕ ಅಂಜಂಗಿಲ್ಲ ಚಾಚಿ. ಆಯಿ ಅಳೋದು ದೇವರ ಕೆಲಸ ಇದ್ದಂಗ. ನಾ ಅದನ್ನ ಮೊಬೈಲಿಗೆ ಅತ್ತೇನಿ," ಎಂದಳು.

ಅದು ಚಳಿಗಾಲ. ಹತ್ತಿರದ ಹಳ್ಳಿ ಮಾಗಡಿಯಲ್ಲಿ ದುರಗವ್ವನ ಚಿಕ್ಕಪ್ಪನ ಮಗ ತೀರಿಕೊಂಡ ಖಬರು ಬಂತು. ದುರಗವ್ವನಿಗೆ ಮಂಡಿನೋವು, ಟೆಂಪೊ ಹತ್ತಿಸಲು ಇಳಿಸಲು ಇನ್ನೊಂದು ಕೈ ಬೇಕೆಂದು ಅಂಗಡಿ ಮುಚ್ಚಿ ನಾನೂ ಹೋದೆ. ಸಪ್ನಾ ದಾರಿಯುದ್ದಕ್ಕೂ ಉಗುರು ಕಚ್ಚುತ್ತಿದ್ದಳು. ಆ ಊರ ಕೆರೆಯಲ್ಲಿ ಪರದೇಶದ ಹಕ್ಕಿಗಳು ಗದ್ದಲ ಹಾಕುತ್ತಿದ್ದವು. ಸತ್ತ ಮನೆಯ ಅಂಗಳದ ತುಂಬ ಜನ. ಹೆಂಗಸರು ದಾರಿ ಬಿಟ್ಟು, ದುರಗವ್ವನನ್ನು ಹೆಣದ ತಲೆದೆಸೆಗೆ ಕೂರಿಸಿದರು. ಅವಳು ಸೆರಗು ಎಳೆದುಕೊಂಡಳು.

"ರಾತ್ರಿ ಉಂಡು ಮಲಗಿದೆಲ್ಲೋ ನನ್ನಣ್ಣಾ..."

ಹಿಂದೆ ಗೋಡೆಯ ಕಡೆ ಯಾರೋ ಮೂಗಿನಲ್ಲಿ ನಕ್ಕರು. ಇನ್ನೊಬ್ಬರು, "ಉಂಡು ಅಲ್ಲಲೇ, ಚಾರ್ಜಿಗೆ ಹಚ್ಚಿ," ಎಂದರು. ಅಷ್ಟು ಸಾಕಾಯಿತು. ಹರೆಯದ ಹೆಂಗಸರು ಬಾಯಿಗೆ ಸೆರಗು ತುರುಕಿಕೊಂಡರು, ಬೆನ್ನುಗಳು ಕುಲುಕಿದವು. ಸತ್ತವನ ಸೊಸೆಯೇ ನಗು ತಡೆಯಲಾಗದೆ ಎದ್ದು ಒಳಗೆ ಓಡಿದಳು. ಸಾಲನ್ನು ಯಾರೂ ಮುಗಿಸಲಿಲ್ಲ. ದುರಗವ್ವ ಎತ್ತಿದ ರಾಗ ಹಾಗೇ ನಿಂತು, ಸಣ್ಣಗಾಗಿ, ನಿಂತೇಹೋಯಿತು. ಸೆರಗಿನ ಒಳಗಿಂದ ಅವಳು ಸುತ್ತ ನೋಡುತ್ತಿದ್ದಳು. ಆ ನಕ್ಕವರನ್ನು ಚಪ್ಪಲಿ ತಗೊಂಡು ಬಡಿಯಬೇಕೆನಿಸಿತು ನನಗೆ. ಪಕ್ಕದಲ್ಲಿ ಸಪ್ನಾಳ ಮುಖ ಸುಣ್ಣವಾಗಿತ್ತು.

ವಾಪಸು ಟೆಂಪೊದಲ್ಲಿ ದುರಗವ್ವ ನನ್ನನ್ನು ಮೆಲ್ಲಗೆ ಕೇಳಿದಳು: "ಹಸೀನಾ, ನನ್ನ ಸೀರಿ ಎಲ್ಲೆರ ಹರಿದಿತ್ತೇನ? ಮಂದಿ ಯಾಕ ನಕ್ಕರು?"

ಏನು ಹೇಳಲಿ? ಊರಿಗೆಲ್ಲ ಬೈಯುವ ನಾನು ಅವಳ ಸೀರೆಯ ಅಂಚು ಹಿಡಿದು, ಹರಿದದ್ದನ್ನು ಹುಡುಕುವಂತೆ ಮಾಡಿದೆ. ಸಪ್ನಾ ಕಿಟಕಿಯ ಕಡೆ ತಿರುಗಿ ಕೂತಿದ್ದಳು. "ಹಲ್ಲ ಬಿದ್ದಾವು, ಮಾತು ಸರಿ ಬರವೊಲ್ಲವು ಕಾಣತೈತಿ," ಎಂದು ದುರಗವ್ವ ತಾನೇ ಉತ್ತರ ಹುಡುಕಿಕೊಂಡಳು. ಆಮೇಲೆ ಸಪ್ನಾಳ ತೊಡೆ ತಟ್ಟಿ, "ನಾ ಸತ್ತಾಗ ನೀ ಎತ್ತಬೇಕು ನೋಡ. ನಿನ್ನ ಕೊರಳು ನನ್ನಂಗಽ ಐತಿ," ಎಂದಳು. ಈ ಮಾತು ಅವಳು ಮೊದಲಿಂದಲೂ ಹೇಳುತ್ತಿದ್ದದ್ದೇ. ಆದರೆ ಆವತ್ತು ಅದನ್ನು ಕೇಳಿ ಸಪ್ನಾ ಬೆಚ್ಚಿಬಿದ್ದಳು. ಮನೆಗೆ ಬಂದ ಮೇಲೆ ನನ್ನ ಅಂಗಡಿಯ ಮೂಲೆಯಲ್ಲಿ ಕೂತು ಒಂದೇ ಮಾತು: "ಆಯಿ ಹೋದ ದಿನ ನಾ ಬಾಯಿ ತೆಗದ್ರ ಮಂದಿ ನಗತಾರ ಚಾಚಿ. ಆಯಿ ಹೆಣದ ಮುಂದ ನಗತಾರ."

ಇದರ ನಡುವೆಯೇ ಗದಗಿನಿಂದ ಫೋನು ಬಂತು. ಅಲ್ಲಿ ಬಯಲಿನಲ್ಲಿ ಡೇರೆ ಹಾಕಿದ್ದ ನಾಟಕ ಕಂಪನಿಯ ಮಾಲೀಕ ಉಡಚಪ್ಪ. ಹಾಸ್ಯದ ಪಾತ್ರವೂ ಅವರದ್ದೇ. ನಾನು ಮದುವೆಗೆ ಮುಂಚೆ ಅವರ ನಾಟಕ ನೋಡಿ ನಕ್ಕವಳು. ವೀಡಿಯೋ ನೋಡಿದ್ದರು. ಹೊಸ ನಾಟಕದಲ್ಲಿ ಅವರ ಹೆಂಡತಿಯ ಪಾರ್ಟು ಸಪ್ನಾಳಿಗೆ. ದಿನಾ ಸಂಜೆ ಆರೂಕಾಲಿಗೆ ಆಟ. ಮೊದಲ ಆಟ ನಡೆದರೆ ಮುಂದಿನ ಕ್ಯಾಂಪಿಗೂ ಇವಳೇ, ನಡೆಯದಿದ್ದರೆ ಬಂದ ಬಸ್ಸಿನಲ್ಲೇ ವಾಪಸು.

ತಾಲೀಮಿಗೆ ನಾನೇ ಕರೆದುಕೊಂಡು ಹೋದೆ. ದೃಶ್ಯ ಹೀಗಿತ್ತು: ಹೆಂಡತಿಗೆ ತನ್ನ ಮೇಲೆ ಪ್ರೀತಿ ಇದೆಯೋ ಇಲ್ಲವೋ ನೋಡೋಣವೆಂದು ಗಂಡ ಸತ್ತಂತೆ ಬಿದ್ದಿರುತ್ತಾನೆ. ಪಕ್ಕದಲ್ಲಿ ಕೆಟ್ಟುಹೋದ ಮೊಬೈಲು. ಹೆಂಡತಿ ಬಂದು ಗಂಡನನ್ನು ದಾಟಿ, ಮೊಬೈಲಿನ ಮುಂದೆ ಕೂತು ಹಾಡಿಕೊಂಡು ಅಳುತ್ತಾಳೆ. ಸಪ್ನಾ ಸೆರಗು ಎಳೆದುಕೊಂಡು ಶುರು ಮಾಡಿದಳೋ ಇಲ್ಲವೋ, ಉಡಚಪ್ಪ ಎದ್ದು ಕೂತರು.

"ಸೆರಗ ತಗಿಯವಾ. ನಾಟಕದಾಗ ಮಾರಿ ಕಾಣಬೇಕು. ಮಂದಿ ಮಾರಿ ನೋಡಾಕ ಬಂದಿರ್ತಾರ, ಸೀರಿ ನೋಡಾಕಲ್ಲ."

ಸೆರಗು ತೆಗೆದದ್ದೇ ಅವಳ ದನಿ ಅರ್ಧವಾಯಿತು. "ಅಳೋದ ಬಿಟ್ಟು ಬ್ಯಾರೆ ಏನರ ಮಾಡ್ತೇನ್ರಿ," ಎಂದು ಬೇಡಿಕೊಂಡಳು.

"ಬ್ಯಾರೆ ಮಾಡಾಕ ನನ್ನ ಹತ್ರ ಬ್ಯಾರೆ ಮಂದಿ ಅದಾರ. ನನಗ ಬೇಕಾಗಿದ್ದು ಆ ಅಳು. ಅದಿಲ್ಲಂದ್ರ ನಿನಗ ಇಲ್ಲಿ ಏನ ಕೆಲಸ ಐತಿ?" ಉಡಚಪ್ಪ ಕೆಟ್ಟವರಲ್ಲ, ಇದ್ದದ್ದನ್ನು ಹೇಳಿದರು. ಒಲ್ಲೆ ಅಂದರೆ ಮತ್ತೆ ಹುಕ್ಕು, ಫಾಲು. ಹೂಂ ಅಂದರೆ ಆಯಿಯ ಅಳುವನ್ನು ದಿನಾ ಸಂಜೆ ಡೇರೆ ತುಂಬ ಜನರ ಮುಂದೆ ನಗೆಪಾಟಲು ಮಾಡುವುದು. ಸಪ್ನಾ ನನ್ನ ಮುಖ ನೋಡಿದಳು. ನನ್ನ ಮುಖದಲ್ಲೇನಿದೆ? "ನಿನ್ನ ಬಾಳೇವು, ನೀ ಹೇಳು," ಎಂದೆ. ಅವಳು ನೆಲ ನೋಡುತ್ತ ಹೂಂ ಅಂದಳು.

ಆಟದ ಹಿಂದಿನ ದಿನ ದುರಗವ್ವ ಟ್ರಂಕಿನಿಂದ ಇಳಕಲ್ಲ ಸೀರೆ ತೆಗೆದು ಬಿಸಿಲಿಗೆ ಹಾಕಿದಳು. "ನನ್ನ ಮೊಮ್ಮಗಳ ನಾಟಕ, ನಾ ನೋಡಬಾರದೇನ?"

"ಚಾಚಿ, ನಿಮ್ಮ ಪಾದ ಹಿಡೀತೇನಿ, ಹೆಂಗರ ಮಾಡಿ ತಡೀರಿ," ಎಂದು ಸಪ್ನಾ ನನ್ನ ಬೆನ್ನು ಹತ್ತಿದಳು. ನಾನು ಹೋಗಿ ಗದಗಿನಲ್ಲಿ ಬಿಸಿಲು ಬಹಳ ಎಂದೆ. "ನಮ್ಮೂರಾಗ ಬೆಳದಿಂಗಳ ಐತೇನ?" ಎಂದಳು ಮುದುಕಿ. ಬಸ್ಸಿನಲ್ಲಿ ರಶ್ಶು ಎಂದೆ. "ನೀ ಹತ್ತಿದ ಮ್ಯಾಲ ಎಲ್ಲಾರೂ ಜಾಗಾ ಬಿಡ್ತಾರಲ್ಲ, ನಿನ್ನ ಬಾಯಿಗೆ ಅಂಜಿ," ಎಂದಳು. ಮಂಡಿನೋವು ಎಂದೆ. ಆಗ ಅವಳು ನನ್ನನ್ನು ಒಂದು ಥರ ನೋಡಿ, "ಹಸೀನಾ, ನಾ ಬರಾಕಿ," ಎಂದಳು. ಆ ನೋಟ ನನಗೆ ಆಗ ಅರ್ಥವಾಗಲಿಲ್ಲ.

ಮರುದಿನ ಸಂಜೆ ಡೇರೆ ತುಂಬಿತ್ತು. ಮುಂದಿನ ಸಾಲಿನ ಕುರ್ಚಿಯಲ್ಲಿ ದುರಗವ್ವ, ಪಕ್ಕ ನಾನು. ಹೆದರುವವರನ್ನು ಬೈಯುವ ನಾನು ಆವತ್ತು ಕರವಸ್ತ್ರದ ಅಂಚನ್ನು ಬಿಚ್ಚಿ ಬಿಚ್ಚಿ ದಾರ ಮಾಡಿಟ್ಟಿದ್ದೆ. ಒಳಗೆ ಸಪ್ನಾ ಏನೂ ತಿಂದಿಲ್ಲ, ಎರಡು ಸಲ ವಾಂತಿ ಮಾಡಿಕೊಂಡಿದ್ದಾಳೆ ಎಂದು ನಯಾಜ ಬಂದು ಹೇಳಿಹೋದ. ಉಡಚಪ್ಪ ಮಾತ್ರ ಬಂದಾಗೊಮ್ಮೆ ಡೇರೆಯನ್ನು ನಗಿಸುತ್ತಿದ್ದರು. ಕಡೆಗೆ ಅವರು ಸತ್ತಂತೆ ಬಿದ್ದುಕೊಂಡರು.

ಸಪ್ನಾ ಬಂದಳು. ಗಂಡನನ್ನು ದಾಟಿದಳು, ಜನ ನಕ್ಕರು. ಮೊಬೈಲಿನ ಮುಂದೆ ಕೂತಳು, ಇನ್ನೂ ನಕ್ಕರು. 'ಚಾರ್ಜಿಗೆ ಹಚ್ಚವಾ' ಎಂದು ಹಿಂದಿನಿಂದ ಸಿಳ್ಳೆ ಬಿತ್ತು. ಅವಳು ಮುಖ ಎತ್ತಿದಳು. ದೀಪದ ಬೆಳಕು ಮುಂದಿನ ಸಾಲಿನ ಮೇಲೂ ಬೀಳುತ್ತಿತ್ತು. ನಮ್ಮನ್ನು ನೋಡಿದಳು.

"ರಾತ್ರಿ..." ಎಂದಳು. ಅಲ್ಲಿಗೆ ನಿಂತಿತು.

ಪರದೆಯ ಬದಿಯಿಂದ ಮಾತು ಹೇಳಿಕೊಡುವವನು ಸಾಲನ್ನು ಪಿಸುಗುಟ್ಟಿದ. ನಮಗೇ ಕೇಳಿಸಿತು, ಅವಳಿಗೆ ಕೇಳಿಸಲಿಲ್ಲ. "ಅಳವಾ ನಮ್ಮವ್ವ, ನನಗ ಸೊಳ್ಳಿ ಕಡಿಯಾಕತ್ತಾವ," ಎಂದು ಹೆಣವಾಗಿದ್ದ ಉಡಚಪ್ಪನವರೇ ಮಾತು ಕೂಡಿಸಿ ಅವಳನ್ನು ಎಳೆಯಲು ನೋಡಿದರು. ಜನ ಅದಕ್ಕೂ ನಕ್ಕರು, ಆದರೆ ಈಗಿನ ನಗೆ ಬೇರೆ. ಹಿಂದೆ ಯಾರೋ ಕುರ್ಚಿ ಬಡಿದರು. ಸಪ್ನಾಳ ತುಟಿ ಅಲ್ಲಾಡುತ್ತಿತ್ತು, ದನಿ ಇರಲಿಲ್ಲ. ಮುಗೀತು, ಹುಡುಗಿಯ ಕತೆ ಇಲ್ಲಿಗೆ ಮುಗೀತು ಎಂದು ನಾನು ಕಣ್ಣು ಮುಚ್ಚಿಕೊಂಡೆ.

ನನ್ನ ಪಕ್ಕದಲ್ಲಿ ಬಳೆ ಸದ್ದಾಯಿತು. ದುರಗವ್ವ ಇಳಕಲ್ಲ ಸೀರೆಯ ಸೆರಗನ್ನು ಮುಖದ ಮೇಲೆ ಎಳೆದುಕೊಳ್ಳುತ್ತಿದ್ದಳು. ನಾನು ಅವಳ ಕೈ ಹಿಡಿಯುವಷ್ಟರಲ್ಲಿ ಅವಳು ಎತ್ತಿಯಾಗಿತ್ತು. ಮೈಕು ಬೇಡ, ಏನೂ ಬೇಡ, ಇಡೀ ಡೇರೆಗೆ ಕೇಳುವ ಕೊರಳು:

"ರಾತ್ರಿ ಚಾರ್ಜಿಗೆ ಹಚ್ಚಿ ಮಲಗಿಸಿದ್ನೆಲ್ಲೋ ನನ್ನ ರಾಜಾ..."

ಮಾಗಡಿಯ ಅಂಗಳದಲ್ಲಿ ಎತ್ತಿದ ರಾಗವೇ. ಒಂದು ಎಳೆಯೂ ಕಡಿಮೆ ಇಲ್ಲ. ಡೇರೆಯ ತಲೆಗಳೆಲ್ಲ ನಮ್ಮ ಕಡೆ ತಿರುಗಿದವು. ವೇದಿಕೆಯ ಮೇಲೆ ಸಪ್ನಾ ಬಾಯಿ ತೆರೆದು ಆಯಿಯನ್ನೇ ನೋಡುತ್ತಿದ್ದಳು. ಆದರೆ ಹುಟ್ಟಿದಾಗಿನಿಂದ ಆ ಮನೆಯಲ್ಲಿ ಬೆಳೆದವಳು. ಎತ್ತಿದ ಸಾಲನ್ನು ಕೆಳಗೆ ಬೀಳಗೊಡಬಾರದೆಂದು ಅವಳ ಕೊರಳಿಗೇ ಗೊತ್ತಿತ್ತು.

"ಮುಂಜಾನಿ ಏಳಲಿಲ್ಲಲ್ಲೋ!" ಎಂದು ಮುಗಿಸಿದಳು.

ಡೇರೆ ಒಡೆದುಹೋಗುವಂತೆ ನಕ್ಕಿತು. ಮುಂದಿನ ಸಾಲನ್ನು ಸಪ್ನಾ ತಾನೇ ಎತ್ತಿದಳು, ಮುಖ ತೆರೆದುಕೊಂಡೇ. ಮಿಸ್ ಕಾಲು, ಸಿಮ್ಮು, ರಿಚಾರ್ಜು, ಯಾವ ಪುಸ್ತಕದಲ್ಲೂ ಇಲ್ಲದ್ದನ್ನೆಲ್ಲ ಕೂಡಿಸಿ ಅತ್ತಳು. ಹೆಣ ನಗು ತಡೆಯಲಾಗದೆ ಮಗ್ಗುಲಾಯಿತು, ಅದಕ್ಕೂ ಅವಳು, "ನೀ ಸುಮ್ಮನ ಸಾಯಿ, ನಿನ್ನ ಪಾಳಿ ಆಮ್ಯಾಲೆ," ಎಂದು ಗದರಿಸಿ ಮೊಬೈಲಿನ ಕಡೆ ತಿರುಗಿದಳು. ನಾನೂ ನಕ್ಕೆ, ಬಿಡಿ. ನಗುತ್ತ ತಿರುಗಿ ನೋಡಿದರೆ ದುರಗವ್ವನ ಮುಖ ಇನ್ನೂ ಸೆರಗಿನ ಒಳಗೇ ಇತ್ತು. ಭುಜ ಅಲುಗುತ್ತಿತ್ತು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಕೇಳುವ ಧೈರ್ಯ ನನಗಾಗಲಿಲ್ಲ.

ಆಟ ಮುಗಿದ ಮೇಲೆ ಉಡಚಪ್ಪ ಬಂದು ಮುದುಕಿಯ ಕಾಲು ಮುಟ್ಟಿ, ನೀವೂ ಕಂಪನಿಗೆ ಬರ್ರಿ ಎಂದರು. "ನನಗ ಮನ್ಯಾಗ ಎಮ್ಮಿ ಐತಿ," ಎಂದಳು ದುರಗವ್ವ. ಮೂವರೂ ರಾತ್ರಿಯ ಬಸ್ಸು ಹಿಡಿದು ಊರಿಗೆ ಬಂದೆವು.

ಮರುದಿನ ಮುಂಜಾನೆ ನಾನು ಅವರ ಮನೆಯಲ್ಲಿ ಚಹಾ ಕುಡಿಯುತ್ತಿದ್ದೆ. ದುರಗವ್ವ ರೊಟ್ಟಿ ಬಡಿಯುತ್ತಿದ್ದಳು. ಸಪ್ನಾ ಏನೋ ಕೇಳಬೇಕೆಂದು ಬಾಯಿ ತೆಗೆಯುವುದು, ಮುಚ್ಚುವುದು ಮಾಡುತ್ತಿದ್ದಳು. ಅಷ್ಟರಲ್ಲಿ ಸೊರಟೂರಿನಿಂದ ಗಾಡಿ ಬಂದು ನಿಂತಿತು. ಅಲ್ಲಿ ಒಬ್ಬ ಹಿರಿಯಾಕೆ ತೀರಿಕೊಂಡಿದ್ದಳು, ದುರಗವ್ವನನ್ನು ಕರೆದುಕೊಂಡು ಬರಲು ಹೇಳಿದ್ದರು.

"ಬರಂಗಿಲ್ಲಪಾ. ಕೊರಳ ಹೋಗೇತಿ," ಎಂದಳು ದುರಗವ್ವ, ತಲೆ ಎತ್ತದೆ. ಬಂದವರು ಒತ್ತಾಯ ಮಾಡಿದರು, ಕಾದರು, ಹೋದರು. ಇಷ್ಟು ವರ್ಷಗಳಲ್ಲಿ ಸತ್ತ ಮನೆಗೆ ಅವಳು ಒಲ್ಲೆ ಅಂದದ್ದು ನಾನು ಕೇಳಿರಲಿಲ್ಲ.

"ಆಯಿ, ನಿನ್ನೆ ಅಷ್ಟ ಮಂದ್ಯಾಗ ಕೊರಳ ಇತ್ತಲ್ಲ," ಎಂದಳು ಸಪ್ನಾ.

"ನಿನ್ನೆ ಇದ್ದಾವರು ನಗಾಕ ಬಂದ ಮಂದಿ. ಇದು ಸತ್ತ ಮನಿ. ನಾ ಎತ್ತಿದ ಕೂಡಲೆ ಒಬ್ಬರರ ನಕ್ಕರ? ಸತ್ತಾಕಿ ಏನ ಪಾಪ ಮಾಡ್ಯಾಳ?" ರೊಟ್ಟಿಯನ್ನು ಹಂಚಿಗೆ ಹಾಕಿದಳು. "ಮಾಗಡಿಯಿಂದ ಬಂದ ಮರುದಿನಾನಽ ನೋಡೇನಿ. ಹಿಟ್ಟಿನ ಗಿರಣಿ ಹುಡಿಗಿ ಸೀಮಾ ಮೊಬೈಲಿನ್ಯಾಗ ತೋರಿಸಿದ್ಲು. ಸಿಟ್ಟ ಬಂದಿತ್ತು ನೋಡ. ನಿನ್ನ ಜಡಿ ಹಿಡಿದು ಗಿರಣ್ಯಾಗ ಹಾಕಬೇಕನಿಸಿತ್ತು. ಎರಡನೇ ಸಲ ಹಚ್ಚಂದೆ. ನನಗೂ ನಗಿ ಬಂತು."

ಸಪ್ನಾ ಅವಳ ಕಾಲ ಮೇಲೆ ಬಿದ್ದಳು. "ನಾ ಕಂಪನಿ ಬಿಡತೇನಿ ಆಯಿ. ಇವತ್ತಽ ಬಿಡತೇನಿ."

"ಬಿಟ್ರ ಕಾಲ ಮುರೀತೇನಿ! ನಾ ಇದ್ದ ಮರ್ಯಾದಿ ಎಲ್ಲಾ ಗದಗಿನ್ಯಾಗ ಸುರುವಿ ಬಂದೇನಿ, ನೀ ಮನ್ಯಾಗ ಕುಂಡ್ರಾಕೇನ?" ಹಿಟ್ಟಿನ ಕೈಯಲ್ಲೇ ಅವಳ ತಲೆಗೆ ಒಂದು ಕೊಟ್ಟಳು.

ಸಪ್ನಾ ಎದ್ದು ಕೂತಳು, ಹಣೆಯ ಮೇಲೆ ಹಿಟ್ಟು. ಇಷ್ಟು ದಿನ ಅವಳ ಹೊಟ್ಟೆಯನ್ನು ತಿನ್ನುತ್ತಿದ್ದ ಮಾತು ಆಗ ಹೊರಬಂತು. "ಹಂಗಾರ ನೀ ಹೋದಾಗ ನಾ ಹೆಂಗ ಅಳ್ಲಿ? ನನ್ನ ಮಾರಿ ನೋಡಿದ್ರಽ ಮಂದಿ ನಗತಾರ."

"ನೀ ಅಳಬ್ಯಾಡ. ಗಂಡ ಹೋದಾಗ ಈ ಹಸೀನಾ ಕುಂತಿದ್ಲಲ್ಲ ಗ್ವಾಡಿಗೆ ಒರಗಿ, ಹಂಗ ಬಾಯಿ ಮುಚ್ಚಿಕೊಂಡ ಕುಂಡ್ರು. ನನಗ ತಿಳೀತೈತಿ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಯಾರ ಮೇಲೆಂದು ಗೊತ್ತಾಗಲಿಲ್ಲ. "ಏನ್ ಮಾತ ಆಡ್ತೀ ದುರಗಕ್ಕ! ಊರ ಮಂದಿಗೆಲ್ಲಾ ಅತ್ತಾಕಿ ನೀ. ನಿನ್ನ ಸಾಲ ಎತ್ತೋರು ಯಾರು ಹಂಗಾರ?"

"ನೀ ಅದಿಯಲ್ಲ," ಎಂದಳು ಅವಳು, ರೊಟ್ಟಿ ತಿರುವುತ್ತ. "ಲಾಡಸಾಬಗ ನಾ ಅತ್ತೇನಿ. ನನಗ ನೀ ಅಳು."

"ನನಗ ಬರಂಗಿಲ್ಲ."

"ಕಲಿ. ಈ ಅಂಜುಬುರುಕಿ ನಗಸೂದು ಕಲಿಲಿಲ್ಲೇನ? ನಿನ್ನ ನೋಡಿ ಯಾರೂ ನಗಂಗಿಲ್ಲ, ಅದರ ಚಿಂತಿ ಬ್ಯಾಡ. ನಿನ್ನ ಮಾರಿ ನೋಡಿದ್ರ ಮಂದಿ ಅಂಜತಾರ."

ಈಗ ಕಂಪನಿ ಗದಗಿನಲ್ಲೇ ಇದೆ. ಸಪ್ನಾಳ ಚಿತ್ರ ಡೇರೆಯ ಬಾಗಿಲಿಗೆ ಬಂದಿದೆ. ಒಂದೊಂದು ಆಟಕ್ಕೂ ಮುಂಚೆ ವಾಂತಿ ಮಾಡಿಕೊಳ್ಳುವುದು ಇನ್ನೂ ನಿಂತಿಲ್ಲ. ಉಡಚಪ್ಪ ಅವಳಿಗೆಂದೇ ಒಂದು ಬಕೆಟ್ಟು ಇಡಿಸಿದ್ದಾರಂತೆ. ಹಗಲು ಬಿಡುವಾದಾಗ ಬಂದು ನನಗೆ ಹುಕ್ಕು ಹಚ್ಚಿಕೊಟ್ಟು ಹೋಗುತ್ತಾಳೆ. ಸತ್ತ ಮನೆಗಳಿಂದ ಗಾಡಿ ಬರುವುದು ನಿಂತಿದೆ.

ಮತ್ತೆ ನಾನು? ಗಿರಾಕಿ ಇಲ್ಲದಾಗ ಮಷಿನ್ನು ಜೋರಾಗಿ ತುಳಿಯುತ್ತ, ಅದರ ಸದ್ದಿನಲ್ಲಿ ಸಣ್ಣಗೆ ರಾಗ ಎಳೆದು ನೋಡುತ್ತೇನೆ. ಈ ವಯಸ್ಸಿನಲ್ಲಿ ನನಗೆ ಇದೆಂಥ ಶಿಕ್ಷೆ! ಬಾಗಿಲಲ್ಲಿ ನೆರಳು ಬಿದ್ದರೆ ಎದೆ ಢವಢವ ಎನ್ನುತ್ತದೆ. ಮೊನ್ನೆ ಸಪ್ನಾ ಮೂಲೆಯಲ್ಲಿ ಕೂತು ಕೇಳಿಸಿಕೊಂಡು, "ಸೆರಗ ಮಾರಿ ಮ್ಯಾಲ ಎಳಕೊಳ್ರಿ ಚಾಚಿ. ಅಂಜಿಕಿ ಹೋಗತೈತಿ," ಎಂದಳು.

ಎಳೆದುಕೊಂಡೆ. "ರಾತ್ರಿ ಉಂಡು ಮಲಗಿದೆಲ್ಲೇ ನನ್ನಕ್ಕಾ..." ಎಂದು ಎತ್ತಿದೆ. ಅಲ್ಲಿಗೆ ನನ್ನ ಕೊರಳು ಕಟ್ಟಿತು. ಸಪ್ನಾ ಬಾಯಿ ತೆರೆಯುವ ಮೊದಲೇ, ಗೋಡೆಯ ಆಚೆಯಿಂದ ದುರಗವ್ವ ಆ ಸಾಲನ್ನು ಮುಗಿಸಿದಳು.